ಹರಿವೆಯ ಪಾತಿಗೆ ಚಿಪ್ಪಿನ ಸುಣ್ಣ

ಅಂಕೋಲೆಯ ನಮ್ಮ ಮನೆಗೆ ತಾಗಿದ ತುಂಡು ಜಾಗವನ್ನು ಕೊಂಡಾಗ, ಅಲ್ಲಿ ಕೆಂಪು ಹರಿವೆ ಬೆಳೆಯಬೇಕೆಂದು ಸಂಕಲ್ಪಿಸಿದೆ. ದೇವರ ಮುಂದಿಡುವ ಪದಾರ್ಥ ಆದಷ್ಟು ಕೈಯಾರೆ ಬೆಳೆದದ್ದಾಗಿರಬೇಕೆಂಬುದು ನಮ್ಮ ಮನೆಯ ನಡೆ. ಆದರೆ ಆ ಜಾಗದ ಮೂಲೆಯಲ್ಲಿ ಹಿಂದೆ ಲಾರಿಗಳ ಬ್ಯಾಟರಿ ದುರಸ್ತಿ ಮಾಡುವ ಶೆಡ್ಡಿತ್ತು. ಸೊಸೆ ಆಗ ಬಸುರಿ.

"ಮಾವ, ಮಣ್ಣು ಪರೀಕ್ಷೆ ಮಾಡ್ಸದೇ ಆ ಸೊಪ್ಪು ನಾನು ತಿನ್ನೂದಿಲ್ಲ," ಎಂದಳು.

ಅವಳ ಮಾತು ಸರಿಯಾಗಿತ್ತು. ಮಣ್ಣಿನಲ್ಲಿ ಬ್ಯಾಟರಿಗಳ ಸೀಸವಿತ್ತು, ಹೊಟ್ಟೆಯಲ್ಲಿರುವ ಕೂಸಿಗೆ ಅದು ವಿಷ. ಪರೀಕ್ಷಿಸಿದ ಕೃಷಿತಜ್ಞರು ವಿವರಿಸಿದರು: ನಮ್ಮ ಮಣ್ಣು ಹುಳಿ, ಹುಳಿ ಮಣ್ಣಿನಲ್ಲಿ ಸೀಸ ಸುಲಭವಾಗಿ ಬೇರಿಗೆ ಸಿಗುತ್ತದೆ, ಸೊಪ್ಪು ಅದನ್ನು ಎಲೆಯಲ್ಲಿ ಕೂಡಿಡುತ್ತದೆ. ಸುಣ್ಣ ಬೆರೆಸಿ ಹುಳಿ ತಗ್ಗಿಸಬೇಕು. ಬಳಿಕ ಹಳೆಯ ಗೊಬ್ಬರ ಕೊಡಬೇಕು. ಸೀಸ ಮಣ್ಣಿನಲ್ಲೇ ಉಳಿಯುತ್ತದೆ, ಬೇರಿಗೆ ದಕ್ಕುವುದು ಕಡಿಮೆಯಾಗುತ್ತದೆ. ಶೆಡ್ಡು ನಿಂತಿದ್ದ ಮೂಲೆಯಲ್ಲಂತೂ ತಿನ್ನುವುದೇನನ್ನೂ ಬೆಳೆಯಕೂಡದು.

ಹತ್ತಿರ ಸಿಗುತ್ತಿದ್ದದ್ದು ಕಡಲಂಚಿನ ಕೇಣಿ ಊರಿನ ಕಡೆಯ ಚಿಪ್ಪಿನ ಸುಣ್ಣ. ನಾನು ಹಿಂಜರಿದೆ. ಸಮುದ್ರದ ಜೀವಿಯ ಚಿಪ್ಪು ಸುಟ್ಟ ಪುಡಿ ನೈವೇದ್ಯದ ಸೊಪ್ಪಿನ ಬುಡಕ್ಕೆ ಸಲ್ಲುವುದೇ?

ಹೆಂಡತಿ ಒಳಗಿನಿಂದಲೇ ನಕ್ಕಳು. "ಊಟ ಆದ್ಮೇಲೆ ವೀಳ್ಯದೆಲೆಗೆ ಎಂತ ಹಚ್ಚೂದು ನೀವು? ಅದೆಂತ ಸ್ವರ್ಗದಿಂದ ಇಳ್ದ ಸುಣ್ಣವೋ? ಬಾಯಿಗೆ ಆದದ್ದು ಬುಡಕ್ಕೆ ಆಗೂದಿಲ್ವ?"

ಬಾಯಿ ತುಂಬ ಇದ್ದ ಎಲೆಯಡಿಕೆ ಜಗಿಯುತ್ತಲೇ ಸುಣ್ಣ ತರಲು ಚೀಲ ಹಿಡಿದು ಹೊರಟೆ.

ಮಳೆಗಾಲದ ಕೊನೆಯಲ್ಲಿ, ಭೂಮಿಗೆ ಕೈಮುಗಿದು, ಸುಣ್ಣ ಬೆರೆಸಿ ಅಗೆದೆವು. ಒಡನೆಯೇ ಗೊಬ್ಬರ ಹಾಕಿದರೆ ಅದರ ಸಾರ ಆರಿಹೋಗುತ್ತದೆಂದು ಕೆಲವು ವಾರ ಕಾದು, ಚೆನ್ನಾಗಿ ಕಳಿತ ಸಗಣಿಗೊಬ್ಬರ ಕೊಟ್ಟು ಬೀಜ ಚೆಲ್ಲಿದೆವು. ಹರಿವೆ ಗೇಣುದ್ದ ಬಂದಾಗ ಅದರ ಎಲೆಗಳನ್ನೂ ಪರೀಕ್ಷೆಗೆ ಕಳಿಸಿದೆ. ಫಲಿತಾಂಶ ಬರುವವರೆಗೆ ದೇವರಿಗೂ ಅರ್ಪಿಸಲಿಲ್ಲ. ಮನೆಯ ಬಸುರಿ ತಿನ್ನಲಾಗದ್ದು ಅವನಿಗೆ ಹೇಗೆ ಸಲ್ಲೀತು?

ಎಲೆಯಲ್ಲಿದ್ದ ಸೀಸ ಮಿತಿಗಿಂತ ಬಹಳ ಕೆಳಗಿತ್ತು. ಆ ಬೆಳಿಗ್ಗೆ ಸೊಸೆ ತಾನೇ ಸೊಪ್ಪು ಕೊಯ್ದು, ಅಂಟಿದ ಮಣ್ಣು ಹೋಗುವವರೆಗೆ ನೀರು ಬದಲಿಸಿ ಬದಲಿಸಿ ತೊಳೆದಳು. ನೈವೇದ್ಯವಾದ ಮೇಲೆ ಹರಿವೆಯ ಹುಳಿಯನ್ನು ಎರಡನೆಯ ಸಲ ಕೇಳಿ ಬಡಿಸಿಕೊಂಡಳು.

ಶೆಡ್ಡಿನ ಮೂಲೆಯಲ್ಲಿ ದಾಸವಾಳ ನೆಟ್ಟೆ. ಪೂಜೆಗೆ ಹೂವು ಇಂದಿಗೂ ಅಲ್ಲಿಂದಲೇ.