ಸಂಘದ ಬೋರ್‌ವೆಲ್

ಎರಡು ಸಾವಿರದ ನಾಲ್ಕನೇ ಇಸವಿ, ಮಾರ್ಚ್ ಹದಿನಾಲ್ಕು, ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇಸಾಕಸಾಬ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತು, ಹೊರಗೆ ಪೈಪುಗಳು ನೆಲ ಮುಟ್ಟುವ ಸಪ್ಪಳವನ್ನು ಎಣಿಸುತ್ತಿದ್ದ. ಅರವತ್ತು ಹೆಜ್ಜೆ ಆಚೆ, ಬಡಾವಣೆಯ ನೀರಿನ ಟ್ಯಾಂಕಿನ ಬುಡದಲ್ಲಿ, ಹೊರಗಿನಿಂದ ಕರೆಸಿದ ಮೆಕ್ಯಾನಿಕ್ ಒಬ್ಬ ಸಂಘದ ಬೋರ್‌ವೆಲ್ಲಿನ ಸುಟ್ಟ ಮೋಟರು ಎತ್ತುತ್ತಿದ್ದ. ಇಪ್ಪತ್ತು ಅಡಿಯ ಪೈಪು ಹದಿನಾಲ್ಕು, ಅವುಗಳ ತುದಿಗೆ ಮೋಟರು. ಒಂದೊಂದನ್ನೇ ಮೇಲೆಳೆದು, ಕೆಳಗಿನದು ಜಾರದಂತೆ ಬೋರಿನ ಬಾಯಲ್ಲಿ ಕ್ಲಾಂಪು ಬಿಗಿದು, ಮೇಲಿನದನ್ನು ಬಿಚ್ಚಿ, ನೆಲಕ್ಕೆ ಮಲಗಿಸಬೇಕು. ಮಲಗಿಸುವಾಗ ಠಣ್ ಎನ್ನುತ್ತದೆ.

ಒಂದು ಠಣ್ ಆಗಿತ್ತು.

ಇಸಾಕಸಾಬ ಕೊಟ್ಟೂರಿನವನು. ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮಗ ಹದಿನೇಳನೇ ವಯಸ್ಸಿಗೆ ಪಂಪು ಇಳಿಸುವವರ ಜೊತೆ ಸೇರಿದ. ಎಡಗೈಯ ಉಂಗುರ ಬೆರಳಿನ ತುದಿಯನ್ನು ಸರಪಳಿಗೆ ಕೊಟ್ಟು ಕೆಲಸ ಕಲಿತ. ತೊಂಬತ್ತನಾಲ್ಕರಲ್ಲಿ ಹಗರಿಬೊಮ್ಮನಹಳ್ಳಿಯ ಈ ಹೊಸ ಬಡಾವಣೆಯಲ್ಲಿ ಸೈಟು ಹಿಡಿದು, ಮೂರನೆಯವನಾಗಿ ಮನೆ ಕಟ್ಟಿದ. ಆಗ ಇಲ್ಲಿ ದೀಪವಿಲ್ಲ, ಚರಂಡಿಯಿಲ್ಲ, ನೀರಿಲ್ಲ. ಹೆಂಡತಿ ಲಾಲ್ ಬೀ ಮುಕ್ಕಾಲು ಕಿಲೋಮೀಟರ್ ದೂರದ ತೋಟದಿಂದ ದಿನಕ್ಕೆ ನಾಲ್ಕು ಸಲ ಕೊಡ ಹೊತ್ತು ತರುತ್ತಿದ್ದಳು. ಹಾಗಾಗಿ ನಿವಾಸಿಗಳೆಲ್ಲ ಸೇರಿ ಸಂಘ ಕಟ್ಟೋಣ ಎಂದಾಗ ಮೊದಲು ಸಹಿ ಹಾಕಿದವರಲ್ಲಿ ಇಸಾಕಸಾಬನೂ ಒಬ್ಬ.

ಸಂಘದಿಂದ ಅನುಕೂಲವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಬ್ಬೊಬ್ಬರೇ ಅರ್ಜಿ ಹಿಡಿದು ಹೋದಾಗ ಕಚೇರಿಯ ಬೆಂಚಿನ ಮೇಲೆ ಕೂತು ಎದ್ದು ಬಂದಿದ್ದರು; ಒಟ್ಟಾಗಿ ಹೋದಾಗ ಮೂರು ತಿಂಗಳಲ್ಲಿ ಲೈಟಿನ ಕಂಬಗಳು ಬಂದವು. ತೊಂಬತ್ತಾರರಲ್ಲಿ ಬೋರು ಕೊರೆಸಿದರು, ಟ್ಯಾಂಕು ಕಟ್ಟಿಸಿದರು. ಯಾರೂ ಸ್ವಂತ ಬೋರು ಹಾಕಿಸಬಾರದೆಂದು ನಿಯಮ ಮಾಡಿದರು. ಹತ್ತಿರ ಹತ್ತಿರ ಎರಡು ಬೋರಿದ್ದರೆ ಒಂದರ ನೀರನ್ನು ಇನ್ನೊಂದು ಎಳೆಯುತ್ತದೆ ಎಂದು ಸಭೆಗೆ ತಿಳಿಸಿ ಹೇಳಿದವನೂ ಇಸಾಕಸಾಬನೇ. ಮೊದಲ ದಿನ ನಲ್ಲಿಯಲ್ಲಿ ನೀರು ಬಂದಾಗ ಲಾಲ್ ಬೀ ತಾಮ್ರದ ಕೊಡ ತೊಳೆದು ಅಟ್ಟಕ್ಕೆ ಹಾಕಿದಳು. ಅಂದಿನಿಂದ ಏಳು ವರ್ಷ ಮೋಟರು ಕೆಟ್ಟಾಗಲೆಲ್ಲ ಅವನೇ ಮೂರು ಕಾಲಿನ ಕಂಬ ನಿಲ್ಲಿಸಿ ಎತ್ತಿದ, ಇಳಿಸಿದ. ಕೂಲಿ ಕೇಳಲಿಲ್ಲ.

ಹೊರಗೆ ಎರಡನೆಯ ಠಣ್.

ಸಂಘದ ಒಂಬತ್ತನೇ ನಿಯಮದ ಪ್ರಕಾರ ವಾಸದ ಮನೆಯಲ್ಲಿ ಉದ್ಯೋಗ ನಡೆಸುವಂತಿಲ್ಲ. ಅದನ್ನು ಮೊದಲು ಪ್ರಯೋಗಿಸಿದ್ದು ಎರ್ರೆಮ್ಮನ ಮೇಲೆ. ಗಂಡನಿಲ್ಲದ ಹೆಂಗಸು, ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಳು. ಗಿರಣಿ ಶುರುವಾದರೆ ವೋಲ್ಟೇಜು ಬೀಳುತ್ತದೆ, ಬೋರಿನ ಮೋಟರು ಸುಡುತ್ತದೆ ಎಂದು ಇಸಾಕಸಾಬ ಲೆಕ್ಕ ಹೇಳಿದ. ಲೆಕ್ಕ ಸರಿಯಾಗಿಯೇ ಇತ್ತು. ಗಿರಣಿ ಮುಚ್ಚಿಸಲು ಕೈ ಎತ್ತಿದವರಲ್ಲಿ ಅವನೂ ಇದ್ದ.

"ನಾಳಿ ರೊಟ್ಟಿಗೆ ಜ್ವಾಳ ಎಲ್ಲಿ ಹಾಕಸ್ತೀಯಪ್ಪಾ ಇಸಾಕಣ್ಣ? ನಿನ್ನ ಬೋರಿನ್ಯಾಗೇನು?" ಎಂದು ಎರ್ರೆಮ್ಮ ತುಂಬಿದ ಸಭೆಯಲ್ಲಿ ಕೇಳಿದ್ದಳು. ಎಲ್ಲರೂ ನಕ್ಕರು. ಅವಳು ಮತ್ತೆ ಸಭೆಗೆ ಬರಲಿಲ್ಲ.

ಕಳೆದ ಆಗಸ್ಟಿನಲ್ಲಿ ಮೋಟರು ಎತ್ತಿ ಇಳಿಸಿದ ಮೇಲೆ ಇಸಾಕಸಾಬ ಸಭೆಯಲ್ಲಿ ಎದ್ದು ನಿಂತಿದ್ದ. ಅಧ್ಯಕ್ಷ ವೀರಭದ್ರಯ್ಯ, ನಿವೃತ್ತ ಗುಮಾಸ್ತ, ಸಭೆಯ ನಡಾವಳಿ ಬರೆಯುವವರೂ ಅವರೇ.

"ಅಯ್ನೋರ, ಇದನ್ನ ಬುಕ್ಕಿನ್ಯಾಗ ಬರಕೊಳ್ರಿ. ಮ್ಯಾಲಿಂದ ಏಳನೇ ಪೈಪಿನ ತಲಿಮ್ಯಾಲ, ಆರನೇದಕ್ಕ ಜೋಡಿಸೋ ಸಾಕೆಟ್ಟು ಸವದೈತಿ. ಆರನೇದನ್ನ ತಿರುವಿ ಬಿಚ್ಚುವಾಗ ಸಾಕೆಟ್ಟೂ ಕಿತ್ಕೊಂಡು ಬರ್ತೈತಿ. ಅದಕ ಒಂದು ಕ್ಲಾಂಪು ಸಾಲಂಗಿಲ್ಲ, ಎರಡು ಬಿಗೀಬೇಕು. ಇಲ್ಲಾಂದ್ರ ಕೆಳಗಿನದೆಲ್ಲ ಬೋರಿಗೆ ಹೋಗ್ತೈತಿ. ಹೊಸ ಪೈಪು ತಂದ್ರ ಇನ್ನೂ ಚಲೋ."

ವೀರಭದ್ರಯ್ಯ ಪೆನ್ನಿಗೆ ಮುಚ್ಚಳ ಹಾಕಿದರು. "ಅದು ನಿಮ್ಮ ಕೆಲಸದ ಮಾತು ಸಾಬ್ರ, ಬುಕ್ಕಿಗ್ಯಾಕ? ನೀವು ಅದೀರಲ್ಲ, ನಿಮಗ ಗೊತ್ತೈತಲ್ಲ, ಸಾಕು."

ಆ ಮಾತು ಇಸಾಕಸಾಬನಿಗೆ ಹಿತವಾಗಿತ್ತು. ಹಾಗಾಗಿ ಮತ್ತೆ ಒತ್ತಾಯಿಸಲಿಲ್ಲ.

ಡಿಸೆಂಬರಿನಲ್ಲಿ ಅದೇ ಒಂಬತ್ತನೇ ನಿಯಮ ಅವನ ಬಾಗಿಲಿಗೆ ಬಂತು. ಅವನ ಮನೆಯ ಕಾಂಪೌಂಡಿಗೆ ಒರಗಿಸಿಟ್ಟ ಹಳೆಯ ಪೈಪು, ಕಂಬ, ಸರಪಳಿಗಳನ್ನು ಎಂಟು ದಿನದಲ್ಲಿ ತೆಗೆಯಬೇಕೆಂದು ಠರಾವು ಮಂಡಿಸಿದರು.

"ಹೊಸದಾಗಿ ಬಂದೋರು ಇಲ್ಲಿ ಗುಜರಿ ಅಂಗಡಿ ಐತೇನ್ರಿ ಅಂತ ಕೇಳ್ತಾರ ಸಾಬ್ರ" ಎಂದರು ವೀರಭದ್ರಯ್ಯ.

"ಆ ಗುಜರಿಯಿಂದ್ಲೇ ನಿಮ್ಮ ಮನಿಗೆ ನೀರು ಏರೋದು, ಅಯ್ನೋರ."

"ಅದು ಬ್ಯಾರೆ, ಇದು ಬ್ಯಾರೆ. ರೂಲ್ಸು ಎಲ್ಲಾರಿಗೂ ಒಂದ. ಎರ್ರೆಮ್ಮನ ಗಿರಣಿಗೆ ನೀವೂ ಕೈ ಎತ್ತಿದ್ರಿಲ್ಲೋ?"

ನಲ್ಲಿ ನೀರು ಹಿಡಿಯುವ ಕೈಗಳೆಲ್ಲ ಮೇಲೆದ್ದವು. ಎರ್ರೆಮ್ಮ ಇದ್ದಿದ್ದರೆ ಒಂದು ಕೈಯಾದರೂ ಕೆಳಗಿರುತ್ತಿತ್ತೇನೋ ಎಂದು ಅವನಿಗೆ ಅನ್ನಿಸಿತು. ಹಾಗೆ ಅಂದುಕೊಳ್ಳಲು ತನಗೆ ಮುಖವಿಲ್ಲವೆಂದೂ ಅನ್ನಿಸಿತು. ಸಾಮಾನನ್ನೆಲ್ಲ ಕೂಡ್ಲಿಗಿ ರಸ್ತೆಯ ಬಾಡಿಗೆ ಶೆಡ್ಡಿಗೆ ಸಾಗಿಸಿ, ಸಂಘದ ಮೋಟರಿಗೆ ಇನ್ನು ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದ.

ಮೂರನೆಯ ಠಣ್ ಕೇಳಿಸಿದಾಗ ಲಾಲ್ ಬೀ ಅಡುಗೆಮನೆಯ ಬಾಗಿಲಿಗೆ ಬಂದಳು. ಸಾಕೆಟ್ಟಿನ ಸಂಗತಿ ಅವಳಿಗೂ ಗೊತ್ತಿತ್ತು.

"ಹೋಗಿ ಒಂದು ಮಾತು ಹೇಳಿ ಬರ್ರಿ. ಸಿಟ್ಟು ಅವರ ಮ್ಯಾಲ ಐತಿ, ನೀರಿನ ಮ್ಯಾಲ ಅಲ್ಲಲ್ಲ."

ಅವನು ಚಪ್ಪಲಿ ಮೆಟ್ಟಿ ಹೋದ. ಟ್ಯಾಂಕಿನ ಹತ್ತಿರ ಹತ್ತು ಹನ್ನೆರಡು ಜನ ನಿಂತಿದ್ದರು. ಕ್ಲಾಂಪು ಒಂದೇ ಇತ್ತು. ಅವನ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಬಾಯಿ ತೆರೆಯುವಷ್ಟರಲ್ಲಿ ವೀರಭದ್ರಯ್ಯ ಅವನನ್ನು ನೋಡಿದರು.

"ಏನ್ ಸಾಬ್ರ, ನೀವಿಲ್ಲದ ಕೆಲಸ ಹ್ಯಾಂಗ ನಡದೈತಿ ಅಂತ ತಪಾಸಕ್ಕ ಬಂದೀರೇನು?"

ಅಲ್ಲಿದ್ದವರು ನಕ್ಕರು. ಎರ್ರೆಮ್ಮನಿಗೆ ನಕ್ಕವರೇ, ಅದೇ ನಗು. ಆ ದಿನ ಅವರ ನಡುವೆ ತಾನೂ ನಕ್ಕಿದ್ದು ಇಸಾಕಸಾಬನಿಗೆ ನೆನಪಾಯಿತು. "ಸುಮ್ಮನ ಬಂದೆ" ಎಂದು ಹೇಳಿ ತಿರುಗಿದ. ಅವನು ತನ್ನ ಗೇಟು ದಾಟುವಾಗ ನಾಲ್ಕನೆಯದು ನೆಲ ಮುಟ್ಟಿತು.

"ಹೇಳಿದ್ರ್ಯಾ?" ಲಾಲ್ ಬೀ ಕೇಳಿದಳು.

ಅವನು ಚಪ್ಪಲಿ ಬಿಟ್ಟು ಮೊದಲಿನ ಜಾಗದಲ್ಲೇ ಕುಳಿತ.

ಐದು. ಆಮೇಲೆ ಸರಪಳಿ ಕಿರುಗುಟ್ಟಿತು. ಪೈಪು ತಿರುವುವ ಪಾನಾ ಕಬ್ಬಿಣಕ್ಕೆ ಕಚ್ಚಿ ಒಂದು ಸುತ್ತು, ಎರಡು ಸುತ್ತು ತಿರುಗಿದ್ದು ಕೇಳಿಸಿತು. ಈಗ ಎದ್ದು ಓಡಿದರೂ ಕೂಗು ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನು ಏಳಲಿಲ್ಲ.

ಆರನೆಯ ಠಣ್ ಬರಲಿಲ್ಲ. ನೆಲದೊಳಗೆ ಏನೋ ಉಜ್ಜಿಕೊಂಡು ಇಳಿದಂತಾಯಿತು. ತುಂಬ ಕೆಳಗೆ ಧಡ್ ಎಂದಿತು. ಆಮೇಲೆ ಜನರ ಕೂಗು. ಎಂಟು ಪೈಪು, ಒಂದು ಮೋಟರು ಬೋರಿನ ತಳ ಸೇರಿದ್ದವು. ಇನ್ನು ಆ ಬೋರು ಕೆಲಸಕ್ಕೆ ಬರುವುದಿಲ್ಲ ಎಂಬುದು ಬಡಾವಣೆಯಲ್ಲಿ ಮೊದಲು ತಿಳಿದದ್ದು ಗೋಡೆಗೊರಗಿ ಕುಳಿತಿದ್ದ ಅವನಿಗೆ.

ಲಾಲ್ ಬೀ ಸ್ಟೂಲು ಹಾಕಿಕೊಂಡು ಅಟ್ಟದಿಂದ ತಾಮ್ರದ ಕೊಡ ಇಳಿಸಿದಳು. ಗಂಡನ ಮುಖ ನೋಡಲಿಲ್ಲ. ಅವಳಿಗೆ ಈಗ ಐವತ್ತೆರಡು, ಮೊಣಕಾಲು ನೋವು ಬೇರೆ.

ಹತ್ತು ನಿಮಿಷದ ಮೇಲೆ ವೀರಭದ್ರಯ್ಯ ಗೇಟಿನ ಹೊರಗೆ ಬಂದು ನಿಂತರು. ಕೈಯಲ್ಲಿ ಸಂಘದ ಬುಕ್ಕಿತ್ತು.

"ಸಾಬ್ರ, ಆ ಮೆಕ್ಯಾನಿಕ್ಕು ತನಗ್ಯಾರೂ ಹೇಳಲಿಲ್ಲ ಅಂತಾನ. ಅವತ್ತು ಮೀಟಿಂಗಿನ್ಯಾಗ ನೀವೇನೋ ಅಂದಿದ್ರಿ. ಎಷ್ಟನೇ ಪೈಪು ಅಂದಿದ್ರಿ?"

"ಬುಕ್ಕಿನ್ಯಾಗ ನೋಡ್ರಿ, ಅಯ್ನೋರ."

"ಇದರಾಗ ಬರದಿಲ್ಲ."

ಲಾಲ್ ಬೀ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಇಬ್ಬರ ನಡುವೆಯೇ ಹಾದು ತೋಟದ ದಾರಿ ಹಿಡಿದಳು. ಅವಳು ತಿರುವು ದಾಟುವ ತನಕ ಇಸಾಕಸಾಬ ನೋಡುತ್ತಿದ್ದ. ಆಮೇಲೆ, ಆಗಸ್ಟಿನ ಸಭೆಯಲ್ಲಿ ಎದ್ದು ನಿಂತು ಹೇಳಿದಷ್ಟೇ ಗಟ್ಟಿಯಾಗಿ ಹೇಳಿದ:

"ಏಳನೇದು."