ಮಡಿವಾಳೆಪ್ಪನ ಬೇಸಿಗೆ ಗೋಧಿ

ತಿರ್ಲಾಪುರದ ಮಡಿವಾಳೆಪ್ಪ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಊರಿಗೆ ಮರಳಿದಾಗ ಅವನಲ್ಲಿ ಉಳಿದಿದ್ದ ವಿದ್ಯೆ ಒಂದೇ ಒಂದು ಲ್ಯಾಟಿನ್ ಶಬ್ದ. ಅಂಥ ದಂಡಪಿಂಡವನ್ನು ನಾನು ಇನ್ನೊಂದು ಕಂಡಿಲ್ಲ.

ಆ ಶಬ್ದ 'ಎಸ್ಟಿವಮ್'. ಗೋಧಿಗೆ ಲ್ಯಾಟಿನ್ನಿನಲ್ಲಿ ಟ್ರಿಟಿಕಮ್ ಎನ್ನುತ್ತಾರೆ. ಅದಕ್ಕೆ ಅಂಟಿಕೊಳ್ಳುವ ಗುಣವಾಚಕ ಇದು. 'ಬೇಸಿಗೆಯ' ಎಂದು ಅರ್ಥ. ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಪಾಠ ಶುರುಮಾಡುತ್ತಿದ್ದ.

"ಹೆಸರು ಗಂಡಾದ್ರ ಎಸ್ಟಿವಸ್, ಹೆಣ್ಣಾದ್ರ ಎಸ್ಟಿವಾ. ಟ್ರಿಟಿಕಮ್ ನಪುಂಸಕ, ಅದಕ್ಕ ಎಸ್ಟಿವಮ್. ನಮ್ಮ ಕನ್ನಡದಾಗ ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಎಲ್ಲಾ ಒಂದ. ಶಿಸ್ತ ಅನ್ನೂದ ಇಲ್ಲ."

ಹೀಗೆನ್ನುವವನು ಹೊತ್ತೇರುವ ತನಕ ಹಾಸಿಗೆ ಬಿಡುತ್ತಿರಲಿಲ್ಲ.

ಎಂಬತ್ತೈದರ ಹಿಂಗಾರಿ. ಹೆಂಡತಿ ಶಾರದವ್ವನ ತವರಿನಿಂದ ಬಂದ ಎರೆ ಹೊಲವೇ ಆ ಮನೆಯ ಅನ್ನ. ಚಿತ್ತಿ ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿತ್ತು. ಮನೆಯಲ್ಲಿ ಎತ್ತಿರಲಿಲ್ಲ. ಶಾರದವ್ವ ಊರಿನ ರೈತ ಮಲಕಪ್ಪನ ಹೊಲದಲ್ಲಿ ಕಳೆ ತೆಗೆದು, ಅದರ ಮುಯ್ಯಿಗೆ ಅವನ ಕೂರಿಗೆಯನ್ನು ಗೋಧಿ ಬಿತ್ತನೆಗೆ ಕರೆದಿದ್ದಳು. ಸರದಿಯ ದಿನ ಮಲಕಪ್ಪ ಎತ್ತು ಹೂಡಿಕೊಂಡು ಬಂದ. ಕೂರಿಗೆ ಪೂಜೆಗೆ ಕಾಯಿ ತರಲು ಅವಳು ಮನೆಗೆ ಹೋಗಿದ್ದಳು. ಬದುವಿನ ಮೇಲೆ ನಿಂತಿದ್ದ ಮಡಿವಾಳೆಪ್ಪ ಕೈ ಅಡ್ಡ ಹಿಡಿದ.

"ಇದು ಬ್ಯಾಸಗಿ ಬೆಳಿ. ಹೆಸರಿನಾಗ ಐತಿ. ಚಳಿಗಾಲ ದಾಟ್ಲಿ."

"ಅದ ಯಾವ ಊರಿನ ಬ್ಯಾಸಗಿರಿ? ನಮ್ಮ ಬ್ಯಾಸಗ್ಯಾಗ ನೆಲ ಕಾಲ ಹೋಗೂವಂಗ ಬಿರೀತೈತಿ."

"ನಿನಗ ಲ್ಯಾಟಿನ್ ಬರತೈತೇನಲೇ?"

ಮಲಕಪ್ಪ ಸಿಟ್ಟಿನಿಂದ ಎತ್ತು ತಿರುಗಿಸಿದ. ಬದುವಿನಿಂದ ತಿರುಗಿದ ಕೂರಿಗೆ ನಮ್ಮಲ್ಲಿ ಎಲ್ಲರ ಸರದಿ ಮುಗಿದ ಮೇಲೆಯೇ ಮರಳಿ ಬರುವುದು. ಶಾರದವ್ವ ಕಾಯಿ ಹಿಡಿದು ಬಂದು ಎಷ್ಟು ಅಂಗಲಾಚಿದರೂ ಮುಂದಿನವರು ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಹದ ಆರಿ, ಹೊಲ ಬೀಳು ಬಿತ್ತು.

ಅವನಿಗೆಲ್ಲಿಯ ನಾಚಿಕೆ! "ಶಬ್ದ ತಪ್ಪಲ್ಲ, ಇಲ್ಲಿ ಹವಾ ತಪ್ಪೈತಿ" ಎಂದ. ನನಗೆ ಮೈಯೆಲ್ಲ ಉರಿಯಿತು. ಆ ಸುಗ್ಗಿಯಲ್ಲಿ ಶಾರದವ್ವ ಕಂಡವರ ಹೊಲದಲ್ಲಿ ಗೋಧಿ ಕೊಯ್ದು, ಕೂಲಿಯ ಕಾಳು ಉಡಿಯಲ್ಲಿ ಕಟ್ಟಿಕೊಂಡು ಬಂದಳು. ಅವನು ಅದನ್ನೂ ಉಂಡ. ಉಣ್ಣುವಾಗ ವ್ಯಾಕರಣವನ್ನೂ ಹೇಳಿದ.

ಮರುವರ್ಷ ಹದ ಬಂದ ದಿನ ಬದುವಿನ ಮೇಲೆ ಮತ್ತೆ ಅವನೇ ನಿಂತಿದ್ದ. ಶಾರದವ್ವ ಬೀಜದ ಉಡಿ ಕಟ್ಟಿಕೊಂಡು ಕೂರಿಗೆಯ ಹಿಂದೆ ನಿಂತು, ಗಂಡನಿಗೆ ಕೇಳಿಸುವಂತೆಯೇ ಮಲಕಪ್ಪನಿಗೆ ಹೇಳಿದಳು:

"ಹೊಡಿಯೋ ಯಣ್ಣಾ. ಅವರು ಅಡ್ಡ ಬಂದ್ರ ಎತ್ತ ನಿಂದ್ರಿಸಬ್ಯಾಡ."

ಕೂರಿಗೆ ಸಾಗಿತು. ಮಡಿವಾಳೆಪ್ಪ ಬದುವಿನಿಂದ ಇಳಿಯಲಿಲ್ಲ.