ಸುಣ್ಣದ ಗೆರೆಯ ಮನೆ

ಬೆಳಿಗ್ಗೆ ಸುಣ್ಣದ ಪುಡಿ ಜರಡಿ ಹಿಡಿದೆ ನೋಡಿ, ಕೈಗೆಲ್ಲ ಅದರದೇ ಘಾಟು. ತೊಳೆದರೂ ಹೋಗದು, ಹೋಗುವುದು ನನಗೂ ಬೇಕಿಲ್ಲ ಬಿಡಿ. ಇವತ್ತು ಹಲವಾಗಲಿನ ಹೊಳೆ ಹತ್ತಿರ ನನ್ನದೇ ಮನೆಗೆ ಗೆರೆ ಎಳೆಯುವ ದಿನ. ಊರವರ ಮನೆಗಳಿಗೆಲ್ಲ ನಕ್ಷೆ ಬರೆದವನಿಗೆ ಸ್ವಂತ ಮನೆ ಅಂದಕೂಡಲೇ ಅಳತೆಪಟ್ಟಿ ಚೀಲದಲ್ಲಿದೆಯೇ ಎಂದು ಮೂರು ಸಲ ನೋಡಿದ್ದಾಯಿತು, ನಗಬೇಡಿ.

ಕೊಟ್ಟೂರಿನ ನಮ್ಮ ಕಚೇರಿಯದೊಂದು ಪದ್ಧತಿ ಇದೆ. ಕಾಗದದ ನಕ್ಷೆಯನ್ನು ಜಾಗದ ಮೇಲೆ ಸುಣ್ಣದಲ್ಲಿ ನಿಜವಾದ ಅಳತೆಗೇ ಎಳೆಯುತ್ತೇವೆ. ಮನೆಯವರು ಒಂದು ದಿನ ಆ ಗೆರೆಗಳೊಳಗೆ ಬಾಳುವೆ ಮಾಡಬೇಕು: ಅಡುಗೆ, ಊಟ, ಜಗಳ ಎಲ್ಲ ಅಲ್ಲೇ. ಗಾಳಿ ಎಲ್ಲಿಂದ ಬರುತ್ತದೆ, ಬಿಸಿಲು ಯಾರ ನೆತ್ತಿಗೆ ಹೊಡೆಯುತ್ತದೆ ಎಂದು ಅವರಿಗೇ ತಿಳಿದುಬಿಡುತ್ತದೆ. ಮೊದಮೊದಲು ಜನ "ಇವರಿಗೆ ತಲಿ ಕೆಟ್ಟೈತಿ" ಅಂದರು. ನಮಗೂ ಒಮ್ಮೊಮ್ಮೆ ಹಾಗೇ ಅನ್ನಿಸುತ್ತಿತ್ತು.

ಹೀಗೆ ಎಳೆದ ಮೊದಲ ಮನೆ ಚಿಗಟೇರಿ ಕಡೆಯ ಭರಮಣ್ಣನದು. ಕುರಿ ಸಾಕುವ ಕುಟುಂಬ. ಮುಂದೆ ದೊಡ್ಡ ಹಾಲ್, ಅಡುಗೆಮನೆ ಹಿಂದೆ ಎಂದು ಅಪ್ಪಣೆ ಕೊಟ್ಟು ಅವನು ಕುರಿ ಹೊಡೆದುಕೊಂಡು ಗುಡ್ಡಕ್ಕೆ ಹೋದ. ಹೆಂಡತಿ ಯಲ್ಲಕ್ಕ ಹಿಂದಿನ ಅಡುಗೆಮನೆಯ ಗೆರೆಯೊಳಗೆ ಕಲ್ಲಿನ ಒಲೆ ಹೂಡಿ ರೊಟ್ಟಿಗೆ ಕೂತಳು. ಅವಳ ಅತ್ತೆಗಂತೂ ಮನೆ ಆಗಲೇ ಎದ್ದುನಿಂತಿತ್ತು! ನಾನು ಮರೆತು ಗೋಡೆಯ ಗೆರೆ ದಾಟಿದರೆ, "ಬಾಗಲ ಅತ್ತಾಗ ಐತ್ರಿ ಸರ, ಗ್ವಾಡಿ ಹಾಯಬ್ಯಾಡ್ರಿ" ಎಂದು ಮುದುಕಿ ಗದರಿದಳು. ತೆಪ್ಪಗೆ ಸುತ್ತಿ ಬಾಗಿಲಿನಿಂದಲೇ ಬಂದೆ.

ಹೊತ್ತು ಇಳಿಯುತ್ತಿದ್ದಂತೆ ಯಲ್ಲಕ್ಕ ರೊಟ್ಟಿಯನ್ನು ಹೆಂಚಿನ ಮೇಲೇ ಬಿಟ್ಟು, ಹಾಲ್ ದಾಟಿ, ಮುಂಬಾಗಿಲಿಗೆ ಹೋಗಿ ಗುಡ್ಡ ನೋಡಿ ಬಂದಳು. ರೊಟ್ಟಿ ಸೀದಿತ್ತು. ಮತ್ತೆ ಹೋದಳು, ಇನ್ನೊಂದೂ ಸೀಯಿತು.

"ಬಯಲಲ್ಲವೇನವ್ವಾ, ಕೂತಲ್ಲಿಂದಲೇ ಕಾಣುತ್ತದಲ್ಲ?" ಅಂದೆ.

"ನಾಳೆ ಗ್ವಾಡಿ ಬರತೈತಲ್ರಿ!"

ಹಾಗೆಂದವಳೇ ಉರಿಯುವ ಕೊಳ್ಳಿ ಎತ್ತಿಕೊಂಡು ಹೋಗಿ ಗಂಡನ ಹಾಲ್‌ನಲ್ಲೇ ಹೊಸ ಒಲೆ ಹೂಡಿಬಿಟ್ಟಳು.

ಅಷ್ಟರಲ್ಲಿ ಹಿಂಡು ಬಂತು. ಕುರಿಗೆಲ್ಲಿಯ ಬಾಗಿಲು! ಗೆರೆಗಳ ಮೇಲೇ ನುಗ್ಗಿದವು. "ಗ್ವಾಡಿ! ಗ್ವಾಡಿ!" ಎಂದು ಅತ್ತೆ ಕೋಲು ಬೀಸಿದಳು. ಹಿಂದೆ ಬಂದ ಭರಮಣ್ಣ ಒಲೆ ಕಂಡು ನಿಂತ.

"ಏನಲೇ ಇದು, ಹಾಲ್‌ನಾಗ ಒಲಿ? ಬಂದ ಮಂದಿ ಏನಂದಾರು?"

"ಮಂದಿ ಯಾವಾಗರ ಬರ್ತಾರ. ನೀವು ದಿನಾ ಬರ್ತೀರಲ್ಲ," ಎಂದಳು ಯಲ್ಲಕ್ಕ, ರೊಟ್ಟಿ ತಿರುವುತ್ತಾ. "ಗುಡ್ಡದಾಗ ತೋಳ ಅದಾವು. ನೀವು ಇಳಿಯೋದು ಕಂಡ್ರನ ನನಗ ಜೀವ ಬರೋದು."

ಭರಮಣ್ಣ ಟವೆಲ್‌ನಿಂದ ಮುಖ ಒರೆಸಿಕೊಂಡ. "ಇಷ್ಟು ದಿನ ಹೇಳಬಾರದೇನಲೇ?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಸರ, ಹಾಲ್ ಹಿಂದಕ್ಕ ಹಾಕ್ರಿ. ಬರೋ ಮಂದಿ ಹುಡುಕ್ಕೊಂಡು ಬರ್ಲಿ."

ನನಗೆ ಕುಣಿಯುವಂತಾಯಿತು! ಕುರಿ ತುಳಿದ ಗೆರೆಗಳನ್ನು ಅಲ್ಲೇ ಹೊಸದಾಗಿ ಎಳೆದೆವು. ಆ ಅಡುಗೆಮನೆ ಈಗಲೂ ಗುಡ್ಡಕ್ಕೆ ಮುಖಮಾಡಿ ಕೂತಿದೆ.

ಇವತ್ತು ಇಲ್ಲಿ ಹೊಳೆಗಾಳಿಗೆ ನನ್ನ ಮನೆಯ ನಕ್ಷೆ ಪಟಪಟ ಅನ್ನುತ್ತಿದೆ. ಹೊಳೆ ಕಾಣುವ ಕಡೆಗೆ ನನಗೊಂದು ಓದುವ ಕೋಣೆ ಬರೆದುಕೊಂಡಿದ್ದೆ. ಆ ನಕ್ಷೆ ಮಡಚಿ ಜೇಬಿಗಿಟ್ಟು, ಸುಣ್ಣದ ಡಬ್ಬಿಯನ್ನು ಹೆಂಡತಿ ಶಾರದೆಯ ಕೈಗೆ ಕೊಟ್ಟೆ. "ನೀನೇ ಎಳಿ."

ಅವಳು ಅತ್ತಿತ್ತ ಓಡಾಡಿ, ಹೊಳೆ ಚೆನ್ನಾಗಿ ಕಾಣುವ ಜಾಗದಲ್ಲೇ ಅಡುಗೆಮನೆ ಎಳೆದಳು. ಹೋಯಿತಪ್ಪ ನನ್ನ ಕೋಣೆ ಅಂದುಕೊಳ್ಳುವಷ್ಟರಲ್ಲಿ, ಒಲೆಯ ಪಕ್ಕ ಒಂದು ಸಣ್ಣ ಚೌಕವೂ ಬಿತ್ತು.

"ಇದು ನಿಮ್ಮದು. ನನಗೂ ಕೇಳಂಗ ಓದ್ರಿ. ಉಳ್ಳಾಗಡ್ಡಿ ಹೆಚ್ಚಿಕೋಂತ."

ನಾನು ಗೆರೆ ದಾಟಲಿಲ್ಲ. ಸುತ್ತಿ ಹೋಗಿ, ಬಾಗಿಲಿನಿಂದಲೇ ಒಳಗೆ ಬಂದು ಕೂತೆ.